ಮನೆಗಾಡಿಗೆ ಯಾವ ಗ್ಯಾಸ್? ಮೂರನ್ನೂ ಮಲೆನಾಡಲ್ಲಿ ಉರಿಸಿ ನೋಡಿದೆ

ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಮನೆಗಾಡಿ ಮಾಡಿಕೊಂಡು ಮೂರು ವರ್ಷವಾಯಿತು. ಶಿವಮೊಗ್ಗದಿಂದ ಹೊರಟರೆ ಒಮ್ಮೆ ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ. ಇನ್ನೊಮ್ಮೆ ಸಾಗರ, ಹೊಸನಗರ, ನಿಟ್ಟೂರು. ಜೊತೆಗೆ ಹೆಂಡತಿ ಮತ್ತು ಅಮ್ಮ. ಅಮ್ಮನಿಗೆ ಬೆಳಿಗ್ಗೆ ಐದೂವರೆಗೆ ಕಾಫಿ ಆಗಲೇಬೇಕು. ಹಾಗಾಗಿ ಗ್ಯಾಸ್ ನಮಗೆ ಡೀಸೆಲ್‌ನಷ್ಟೇ ಮುಖ್ಯ.

ಶುರು ಮಾಡಿದ್ದು ಬ್ಯುಟೇನ್ ಡಬ್ಬಿಯಿಂದ. 220-230 ಗ್ರಾಂ ಇರುತ್ತೆ, ಪುಟ್ಟ ಒಲೆಯ ಪಕ್ಕಕ್ಕೆ ಸಿಕ್ಕಿಸಿದರೆ ಆಯಿತು. ಒಂದು ರಾತ್ರಿಯ ತಿರುಗಾಟಕ್ಕೆ ಅಡ್ಡಿಯಿಲ್ಲ. ಆದರೆ ಡಿಸೆಂಬರ್‌ನಲ್ಲಿ ಕೊಡಚಾದ್ರಿ ಬುಡದಲ್ಲಿ ಮಲಗೆದ್ದಾಗ ಒಲೆ ಹತ್ತಿತು, ಉರಿ ಮಾತ್ರ ಮೇಲೇಳಲಿಲ್ಲ. ಹತ್ತು ನಿಮಿಷದಲ್ಲಿ ಡಬ್ಬಿಯ ಮೈತುಂಬ ನೀರಿನ ಹನಿ, ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗೆ. "ಏನೋ ಇದು, ಹಣತೆ ಇದ್ದಂಗಿದೆ" ಅಂದರು ಅಮ್ಮ. ಬ್ಯುಟೇನ್ ಕುದಿದು ಆವಿಯಾಗುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಅದರ ಹತ್ತಿರಕ್ಕೆ ತಣ್ಣಗಾದರೆ ಆವಿ ಸರಿಯಾಗಿ ಏಳಲ್ಲ. ಹೊರಗೆ ಚಳಿ, ಸಾಲದ್ದಕ್ಕೆ ಗ್ಯಾಸ್ ಆವಿಯಾಗುತ್ತಾ ಡಬ್ಬಿ ತಾನೇ ಇನ್ನಷ್ಟು ತಣ್ಣಗಾಗುತ್ತೆ, ಒತ್ತಡ ಇಳಿಯುತ್ತೆ. ದಿನಕ್ಕೊಂದು ಡಬ್ಬಿ ಬೇರೆ ಖರ್ಚು. ಹಳ್ಳಿ ಅಂಗಡಿಗಳಲ್ಲಿ ಸಿಗುವುದೂ ಇಲ್ಲ.

ಆಮೇಲೆ ಹತ್ತು ಕೆಜಿಯ ಕಾಂಪೋಸಿಟ್, ಅಂದರೆ ಗಾಜಿನ ನಾರು ಮತ್ತು ಪ್ಲಾಸ್ಟಿಕ್‌ನ, ಸಿಲಿಂಡರ್ ತಂದೆ. ಇದರ ಮೇಲೆ ನನಗೆ ಈಗಲೂ ಪ್ರೀತಿ. ಹಗುರ, ತುಕ್ಕು ಹಿಡಿಯಲ್ಲ, ಬೆಳಕಿಗೆ ಹಿಡಿದರೆ ಒಳಗೆ ಎಷ್ಟು ಗ್ಯಾಸ್ ಉಳಿದಿದೆ ಅಂತ ಗೆರೆ ಹಾಗೇ ಕಾಣುತ್ತೆ. ಆದರೆ ಅದು ಮನೆಯ ವಿಳಾಸಕ್ಕೆ ಕೊಟ್ಟ ಕನೆಕ್ಷನ್. ಜುಲೈ ಮಳೆಯಲ್ಲಿ ದಾರಿ ಮಧ್ಯೆ ಖಾಲಿಯಾದಾಗ ಸಿಕ್ಕ ಏಜೆನ್ಸಿಯಲ್ಲಿ ಕೇಳಿದೆ. "ನಿಮ್ಮ ಊರಲ್ಲೇ ಬದಲಾಯಿಸ್ಕೊಳ್ಳಿ ಸಾರ್" ಅಂದರು. ಅವರು ಹೇಳಿದ್ದು ಸರಿಯೇ. ಅವತ್ತು ರಾತ್ರಿ ಅವಲಕ್ಕಿ ಮೊಸರು.

ಈಗ ನನ್ನ ಗಾಡಿಯಲ್ಲಿರುವುದು ಐದು ಕೆಜಿಯ ಉಕ್ಕಿನ ಎರಡು ಸಿಲಿಂಡರ್. 'ಛೋಟು' ಅಂತ ಜನ ಕೇಳ್ತಾರಲ್ಲ, ಆ ಜಾತಿಯದು. ಗುರುತಿನ ಚೀಟಿ ತೋರಿಸಿದರೆ ಸಾಕು, ವಿಳಾಸದ ಪುರಾವೆ ಬೇಡ. ಅದೇ ಕಂಪನಿಯ ಬೇರೆ ಊರಿನ ಏಜೆನ್ಸಿಯಲ್ಲೂ ಖಾಲಿ ಕೊಟ್ಟು ತುಂಬಿದ್ದು ತಗೊಂಡಿದ್ದೇನೆ. ಕೆಜಿ ಲೆಕ್ಕಕ್ಕೆ ಮನೆ ಸಿಲಿಂಡರ್‌ಗಿಂತ ಜಾಸ್ತಿ ಬೀಳುತ್ತೆ. ನನಗೆ ಅದು ಒಪ್ಪಿಗೆ. ಇದರಲ್ಲಿ ಕೊರೆಯುವ ಚಳಿಯಲ್ಲೂ ಆವಿಯಾಗುವ ಪ್ರೊಪೇನ್ ಕೂಡ ಬೆರೆತಿರುವುದರಿಂದ ಚಳಿಗೂ ಉರಿ ಕುಗ್ಗಲಿಲ್ಲ. ಮೂರು ಜನರ ಅಡಿಗೆ, ಕಾಫಿ, ಮೈತೊಳೆಯಲು ಒಂದಿಷ್ಟು ಬಿಸಿನೀರು ಸೇರಿ ಒಂದು ಸಿಲಿಂಡರ್ ಹತ್ತು ದಿನ ಬಂತು. ಕಡುಬು ಬೇಯಿಸಿದರೆ ಒಂದು ದಿನ ಕಮ್ಮಿ, ಹಬೆ ಅಷ್ಟು ಹೊತ್ತು ಬೇಕಲ್ವಾ.

ತೊಂದರೆ ಒಂದೇ, ತುಕ್ಕು. ಒಂದೇ ಮಳೆಗಾಲಕ್ಕೆ ಗಾಡಿಯ ನೆಲದ ಮೇಲೆ ಕಂದು ಬಳೆಯಂಥ ಗುರುತು ಬಿತ್ತು. ಈಗ ಕೆಳಗೆ ಹಳೇ ಟಯರ್‌ನ ರಬ್ಬರ್ ತುಂಡು ಇಟ್ಟಿದ್ದೇನೆ.

ಎಷ್ಟು ಉಳಿದಿದೆ ಅಂತ ಸುಮ್ನೆ ಅಲ್ಲಾಡಿಸಿ ನೋಡಬೇಡಿ. ಖಾಲಿ ತೂಕ ಸಿಲಿಂಡರ್ ಮೇಲೆಯೇ ಬರೆದಿರುತ್ತೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಹಾಕಿ, ಬಂದ ತೂಕದಲ್ಲಿ ಆ ಖಾಲಿ ತೂಕ ಕಳೆಯಿರಿ. ತಗೊಳ್ಳುವಾಗ ಕತ್ತಿನ ಪಟ್ಟಿಯ ಮೇಲಿನ ಅಕ್ಷರ ಓದಿ, ಸಿಲಿಂಡರ್‌ನ ಮುಂದಿನ ಸುರಕ್ಷತಾ ಪರೀಕ್ಷೆಯ ಗಡುವು ಅದು. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಪಕ್ಕದ ಅಂಕಿ ವರ್ಷ. ಆ ಗಡುವು ದಾಟಿದ್ದರೆ ವಾಪಸ್ ಕೊಡಿ. ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ತುಂಬಿಸಿಕೊಡುವ ಅಂಗಡಿಗಳ ಕಡೆ ತಲೆ ಹಾಕಲೇಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೋಗಲ್ಲ, ನೆಲದಲ್ಲೇ ಕೂರುತ್ತೆ. ಆಗುಂಬೆ ಮಳೆಯಲ್ಲಿ ಎಲ್ಲ ಮುಚ್ಚಿಕೊಂಡು ಒಲೆ ಹಚ್ಚುವ ಆಸೆ ಆಗುತ್ತೆ, ನಮಗೂ ಆಗಿದೆ. ಅದಕ್ಕೇ ಸಿಲಿಂಡರ್ ಗೂಡಿನ ತಳಕ್ಕೆ ಹೊರಗೆ ತೆರೆಯುವ ಎರಡು ತೂತು ಕೊರೆಸಿದೆ. ಒಲೆ ಉರಿಯುವಾಗ ಎದುರುಬದುರು ಎರಡು ಕಿಟಕಿ ಬೆರಳಗಲವಾದರೂ ತೆರೆದಿರುತ್ತವೆ. ಸೋರಿಕೆಯ ಸಹಾಯವಾಣಿ 1906 ಅನ್ನು ಗೂಡಿನ ಬಾಗಿಲ ಮೇಲೆ ಬರೆದಿದ್ದೇನೆ. ಗಾಡಿ ಹೊರಡುವ ಮುಂಚೆ ಹೆಂಡತಿ "ರೀ, ರೆಗ್ಯುಲೇಟರ್ ಬಿಚ್ಚಿದ್ರಾ?" ಅಂತ ಕೇಳುತ್ತಾಳೆ. ಮೊದಲು ಹೋಗಿ ಮುಚ್ಚಳ ಮುಟ್ಟಿ ನೋಡಿ ಬರುತ್ತೇನೆ, ಆಮೇಲೆ ಕೀಲಿ ತಿರುಗಿಸುತ್ತೇನೆ.