ಕೂಲರ್, ವಿಂಡೋ ಎಸಿ, ಸ್ಪ್ಲಿಟ್ ಎಸಿ: ಕಲಬುರಗಿಯ ಬೇಸಿಗೆಯಲ್ಲಿ ಮೂರನ್ನೂ ಬಳಸಿ ನೋಡಿದೆ

ಕಲಬುರಗಿಯಲ್ಲಿ ನಾವಿರುವುದು ಮೇಲಿನ ಅಂತಸ್ತಿನಲ್ಲಿ. ತಲೆಯ ಮೇಲೆ ನೇರ ಮಾಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುತ್ತದೆ. ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ಆದರೆ ನಮಗೆ ಕಷ್ಟವಾಗುತ್ತಿದ್ದದ್ದು ರಾತ್ರಿ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಎರಡು ಗಂಟೆಯಾದರೂ ಬಿಸಿ ಬಿಡುತ್ತಲೇ ಇರುತ್ತಿತ್ತು. ಅವ್ವ ಎದ್ದು ಕೂತು, "ನಿದ್ದಿ ಹತ್ತವಲ್ದು" ಎನ್ನುತ್ತಿದ್ದಳು. ಅವಳಿಗೆ 70 ದಾಟಿದೆ. ಎಸಿ ವಿಷಯವನ್ನು ಗಂಭೀರವಾಗಿ ಯೋಚಿಸಲು ಶುರು ಮಾಡಿದ್ದು ಅವಳಿಗಾಗಿ.

ಮೊದಲು ಕೂಲರ್ ವಿಷಯ ಹೇಳುತ್ತೇನೆ. ನಮ್ಮ ಭಾಗದಲ್ಲಿ ಕೂಲರನ್ನು ಕೀಳಾಗಿ ನೋಡಬೇಡಿ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ, ಗಾಳಿ ಅಷ್ಟೂ ತಂಪಾಗುತ್ತದೆ. ಹೊರಗೆ 42 ಡಿಗ್ರಿ ಇದ್ದು ತೇವಾಂಶ 15% ಇದ್ದರೆ, ಒಳ್ಳೆ ಹನಿಕೋಂಬ್ ಪ್ಯಾಡ್ (ನೀರು ಹೀರುವ, ಜೇನುಗೂಡಿನಂಥ ರಟ್ಟು) ಇರುವ ಕೂಲರಿನಿಂದ ಸುಮಾರು 27 ಡಿಗ್ರಿ ಗಾಳಿ ಬರುತ್ತದೆ. ನಮ್ಮದು 180 ವ್ಯಾಟ್. ಹತ್ತು ಗಂಟೆ ಓಡಿದರೂ ಎರಡು ಯೂನಿಟ್ ದಾಟುವುದಿಲ್ಲ. ಕರೆಂಟ್ ಹೋದರೆ ಮನೆಯ ಬ್ಯಾಟರಿ ಮೇಲೂ ನಡೆಯುತ್ತದೆ. ಒಂದು ಮಾತು ಮಾತ್ರ ನೆನಪಿಡಿ: ಎದುರಿನ ಕಿಟಕಿ ತೆರೆದಿರಬೇಕು. ಎಸಿಯ ಹಾಗೆ ಎಲ್ಲ ಮುಚ್ಚಿ ಕೂತರೆ ಅರ್ಧ ಗಂಟೆಯಲ್ಲಿ ಕೋಣೆಯೆಲ್ಲ ಜಿಗುಟು.

ತೊಂದರೆಯೂ ಇದೆ. ನಳ ದಿನಾ ಬರುವುದಿಲ್ಲ, ಬೋರ್ ನೀರು ಹಾಕಿದರೆ ಪ್ಯಾಡ್ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ. ಹಾಗಾಗಿ ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಉಜ್ಜಲೇಬೇಕು. ಜೂನ್‌ನಲ್ಲಿ ಮಳೆಗಾಲ ಶುರುವಾದ ಮೇಲೆ ಅದು ಬರೀ ಗದ್ದಲ ಮಾಡುವ ಫ್ಯಾನ್. ಮಂಗಳೂರಿನ ಅಕ್ಕ ಒಂದು ಬೇಸಿಗೆ ನಮ್ಮ ಹಳೆ ಕೂಲರನ್ನು ಒಯ್ದಳು. ಮೂರನೇ ದಿನಕ್ಕೇ, "ಹಾಸಿಗೆ ಎಲ್ಲ ಹಸಿ ಆಗ್ತಿದೆ" ಎಂದು ಫೋನ್ ಮಾಡಿದಳು. ಕರಾವಳಿಯ ಗಾಳಿ ಆಗಲೇ ನೀರು ಕುಡಿದಿರುತ್ತದೆ, ಇನ್ನೆಷ್ಟು ಕುಡಿದೀತು? ಅಲ್ಲಿರುವವರಿಗೆ ಕೂಲರ್ ಬೇಡವೇ ಬೇಡ.

ವಿಂಡೋ ಎಸಿ ಬಳಸಿದ್ದು ಹಿಂದಿನ ಬಾಡಿಗೆ ಮನೆಯಲ್ಲಿ, ಎರಡು ಬೇಸಿಗೆ. ಸೆಕೆಂಡ್ ಹ್ಯಾಂಡ್, ಒಂದೂವರೆ ಟನ್. ಎಲ್ಲ ಒಂದೇ ಡಬ್ಬಿಯಲ್ಲಿರುವುದರಿಂದ ಮನೆ ಬದಲಿಸುವಾಗ ಎತ್ತಿಕೊಂಡು ಹೋದರಾಯಿತು. ಆದರೆ ಕಿಟಕಿಯ ಗ್ರಿಲ್ ಕತ್ತರಿಸಬೇಕಾಯಿತು, ಮನೆ ಮಾಲೀಕರನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಕೋಣೆಗೆ ಇದ್ದ ಒಂದೇ ಬೆಳಕೂ ಹೋಯಿತು. ಕಂಪ್ರೆಸರ್ ತಲೆದಿಂಬಿನ ಪಕ್ಕದಲ್ಲೇ ಗುರ್ ಅನ್ನುತ್ತಿತ್ತು. ಒಂದು ರಾತ್ರಿಗೆ 9, 10 ಯೂನಿಟ್ ಎಳೆಯುತ್ತಿತ್ತು. ವರ್ಷ ಎರಡು ವರ್ಷಕ್ಕೆ ಮನೆ ಬದಲಿಸುವವರಿಗೆ ಬಿಟ್ಟರೆ ಇದನ್ನು ನಾನು ಹೇಳುವುದಿಲ್ಲ.

ಈಗಿನ ಮನೆಯಲ್ಲಿ ಅವ್ವನ ಕೋಣೆಗೆ ಒಂದೂವರೆ ಟನ್ನಿನ 5 ಸ್ಟಾರ್ ಇನ್ವರ್ಟರ್ ಸ್ಪ್ಲಿಟ್ ಹಾಕಿಸಿ ಮೂರು ಬೇಸಿಗೆ ಆಯಿತು. ಮೊದಲ ರಾತ್ರಿ ಅವ್ವ ಬೆಳಿಗ್ಗೆ ಆರರವರೆಗೆ ಏಳಲಿಲ್ಲ. ನಾನೇ ಎರಡು ಸಲ ಹೋಗಿ ಉಸಿರಾಟ ನೋಡಿ ಬಂದೆ.

12 ಅಡಿಗೆ 12 ಅಡಿ ಕೋಣೆಗೆ ಒಂದು ಟನ್ ಸಾಕು ಎಂದು ಅಂಗಡಿಯವರು ಹೇಳಿದ್ದರು. ಒಂದು ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಶಕ್ತಿ. ಈ ಲೆಕ್ಕವನ್ನು ಹೊರಗೆ 35 ಡಿಗ್ರಿ ಇದೆ ಎಂದುಕೊಂಡು ಅಳೆದಿರುತ್ತಾರೆ. 42ರಲ್ಲಿ ಅದೇ ಯಂತ್ರದ ಶಕ್ತಿ ಕುಗ್ಗುತ್ತದೆ. ಅದರ ಮೇಲೆ ಕಾದ ಮಾಳಿಗೆ ಬೇರೆ. ಅದಕ್ಕೇ ಒಂದೂವರೆ ತಗೊಂಡೆ. ಕೆಳಗಿನ ಅಂತಸ್ತಾಗಿದ್ದರೆ ಒಂದೇ ಸಾಕಿತ್ತು.

ಇನ್ವರ್ಟರ್ ಎಂಬ ಹೆಸರು ಕೇಳಿ ಕರೆಂಟ್ ಹೋದಾಗಲೂ ನಡೆಯುತ್ತದೆ ಎಂದುಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ಹಾಗಲ್ಲ. ಕೋಣೆ ತಂಪಾದ ಮೇಲೆ ಕಂಪ್ರೆಸರ್ ಪೂರ್ತಿ ನಿಲ್ಲುವ ಬದಲು ನಿಧಾನ ಓಡುತ್ತದೆ, ಅಷ್ಟೇ. ಅದರಿಂದಲೇ ಉಳಿತಾಯ. ನಾನು ಬೇರೆ ಮೀಟರ್ ಹಾಕಿ ನೋಡಿದೆ. 26ಕ್ಕೆ ಇಟ್ಟು ಫ್ಯಾನ್ ಸಣ್ಣಗೆ ಹಾಕಿದರೆ ರಾತ್ರಿಗೆ 5ರಿಂದ 6 ಯೂನಿಟ್. 2020ರಿಂದ ಹೊಸ ಎಸಿಗಳು ಆನ್ ಮಾಡಿದಾಗ 24ಕ್ಕೆ ನಿಲ್ಲಬೇಕೆಂಬ ನಿಯಮವಿದೆ. ಅಲ್ಲಿಂದ ಮೇಲಕ್ಕೆ ಒಂದೊಂದು ಡಿಗ್ರಿಗೂ ಸುಮಾರು 6% ವಿದ್ಯುತ್ ಉಳಿಯುತ್ತದೆ.

ಆದರೆ ಗೃಹಜ್ಯೋತಿ ಲೆಕ್ಕ ಮೊದಲೇ ಹಾಕಿಕೊಳ್ಳಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮನೆ ಮಾಮೂಲಿ 110 ಯೂನಿಟ್. ಅದಕ್ಕೆ ಎಸಿಯ 170 ಸೇರಿದರೆ ಏಪ್ರಿಲ್, ಮೇ ಎರಡು ತಿಂಗಳು ದಾಟಿಯೇ ದಾಟುತ್ತದೆ. ಅವ್ವನ ನಿದ್ದೆಗಾಗಿ ಆ ಎರಡು ತಿಂಗಳ ಬಿಲ್ಲನ್ನು ಒಪ್ಪಿಕೊಂಡಿದ್ದೇವೆ. ಮೀಟರಿನ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಲು ಅನುಮತಿ ಇರುವ ವಿದ್ಯುತ್, ಎಷ್ಟಿದೆ ಎಂದೂ ನೋಡಿ. ಒಂದು ಕಿಲೋವ್ಯಾಟ್ ಇದ್ದರೆ ಹೆಚ್ಚಿಸಬೇಕು. ಎಸಿಗೆ ಬೇರೆಯೇ ವೈರು, 16 ಆಂಪ್ ಪಾಯಿಂಟು, ಸರಿಯಾದ ಅರ್ಥಿಂಗ್ ಬೇಕು.

ನನಗೆ ಹೆಚ್ಚು ಬೇಜಾರಾದದ್ದು ಫಿಟ್ಟಿಂಗ್ ವಿಷಯದಲ್ಲಿ. ಬಂದ ಹುಡುಗರು ವ್ಯಾಕ್ಯೂಮ್ ಪಂಪ್ ತಂದೇ ಇರಲಿಲ್ಲ. ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನ ಗಾಳಿ ತಳ್ಳಿ, ಒಂದು ಗಂಟೆಯಲ್ಲಿ ಮುಗಿಸಿ ಹೋದರು. ಎರಡು ತಿಂಗಳಿಗೆ ತಂಪು ಕಡಿಮೆಯಾಯಿತು. ಬೇರೆ ಮೆಕ್ಯಾನಿಕ್ ಬಂದು ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿ ತೋರಿಸಿದರು, ಗುಳ್ಳೆ ಏಳುತ್ತಿತ್ತು. ಅವರು ನಟ್ ಮತ್ತೆ ಕೂರಿಸಿ, ಪಂಪ್ ಹಾಕಿ ಗಾಳಿ, ತೇವ ಎಲ್ಲ ಎಳೆದು, ಗ್ಯಾಸ್ ತುಂಬಿದರು. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು, ಹಾಗೆ ಹೊರಗೆ ಬಿಡುವಂಥದ್ದಲ್ಲ. ಪಂಪ್ ಇಲ್ಲದೆ ಬಂದವರನ್ನು ವಾಪಸ್ ಕಳಿಸಿ, ಸಂಕೋಚ ಬೇಡ.

ಔಟ್‌ಡೋರ್ ಯೂನಿಟ್ ಎಲ್ಲಿ ಕೂರುತ್ತದೆ ಎನ್ನುವುದನ್ನೂ ಕೊಳ್ಳುವ ಮೊದಲೇ ನೋಡಿ. ನಮ್ಮದು ಉತ್ತರದ ಗೋಡೆಗಿದೆ. ಪಡುವಣ ಗೋಡೆಗೆ ಇಟ್ಟಿದ್ದರೆ ಸಂಜೆಯ ಬಿಸಿಲು ಪೂರ್ತಿ ಅದರ ಮೇಲೇ ಬೀಳುತ್ತಿತ್ತು. ಪೈಪ್ ಉದ್ದವಾದಷ್ಟೂ ದುಡ್ಡು ಜಾಸ್ತಿ. ಸರ್ವಿಸ್ ಮಾಡುವವರು ಕೈ ಚಾಚಲು ಜಾಗ ಬೇಕು. ಗೋಡೆಗೆ ಜೋತು ಬಿದ್ದು ಯಾರೋ ಜೀವ ಪಣಕ್ಕಿಡುವಂತೆ ಆಗಬಾರದು, ಅಲ್ವಾ?

ಇನ್ನು ಮಾಳಿಗೆ. ಎಸಿ ತಂದ ಮರುವರ್ಷ ಸ್ಲ್ಯಾಬ್ ಮೇಲೆ ಎರಡು ಕೈ ಸುಣ್ಣ ಬಳಿಸಿದೆವು. ಬರಿಗಾಲಲ್ಲಿ ನಿಂತರೇ ವ್ಯತ್ಯಾಸ ಗೊತ್ತಾಗುತ್ತದೆ. ಕೋಣೆ ಬೇಗ ತಂಪಾಗತೊಡಗಿತು. ಇದನ್ನು ಎಸಿಗಿಂತ ಮೊದಲೇ ಮಾಡಬೇಕಿತ್ತು.

ಈಗ ಹಗಲು ಹಾಲ್‌ನಲ್ಲಿ ಕೂಲರ್, ರಾತ್ರಿ ಅವ್ವನ ಕೋಣೆಯಲ್ಲಿ ಸ್ಪ್ಲಿಟ್. ಅತಿ ಸೆಖೆಯ ದಿನ ಮಕ್ಕಳೂ ಅಲ್ಲೇ ಚಾಪೆ ಹಾಸಿಕೊಳ್ಳುತ್ತಾರೆ. ಎರಡನೇ ಎಸಿ ಹಾಕಿಸುವ ಯೋಚನೆ ಬಿಟ್ಟಿದ್ದೇವೆ.

ಬೀದರ್‌ನಲ್ಲಿರುವ ತಮ್ಮ ಬಿಸಿ, ತಂಪು ಎರಡೂ ಕೊಡುವ ಸ್ಪ್ಲಿಟ್ ಕೇಳುತ್ತಿದ್ದಾನೆ. ಅಲ್ಲಿನ ಡಿಸೆಂಬರ್ ಚಳಿ ನಮಗಿಂತ ಜೋರು, ಮನೆಯಲ್ಲಿ ಹಸುಗೂಸೂ ಇದೆ. ಅಂಥ ಎಸಿ ಹೊರಗಿನ ಶಾಖವನ್ನೇ ಒಳಗೆ ತರುವುದರಿಂದ ರೂಮ್ ಹೀಟರ್‌ಗಿಂತ ಬಹಳ ಕಡಿಮೆ ವಿದ್ಯುತ್ ಸಾಕು. ಅವನಿಗೆ ಅದು ಸರಿ ಹೊಂದುತ್ತದೆ ಎಂದೇ ನನಗನಿಸುತ್ತದೆ. ಬರುವ ಭಾನುವಾರ ಹೋಗಿ ಮೊದಲು ಅವನ ಮೀಟರ್, ಆಮೇಲೆ ಗೋಡೆ, ಮಾಳಿಗೆ ನೋಡಿ ಬರಬೇಕು.