ಹೊಸ ಅಗ್ಗದ್ದೋ, ಹಳೆಯ ಗಟ್ಟಿಯದ್ದೋ?

ಕಾಲೇಜಿಗೆಂದು ಲ್ಯಾಪ್‌ಟಾಪ್ ಹುಡುಕುತ್ತಿರುವ ತಂಗಿ, ಹೊಸದೆಂದು ಮರುಳಾಗಬೇಡ. 4 ಜಿಬಿ ರ್‍ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ನೆನಪು), 64 ಜಿಬಿ ಸಂಗ್ರಹದ ಅಗ್ಗದ ಯಂತ್ರ ಹಗುರ, ವಾರಂಟಿಯೂ ಇದೆ. ಆದರೆ ವಿಂಡೋಸ್ 11 ಕೇಳುವ ಕನಿಷ್ಠವೇ ಅಷ್ಟು. ರ್‍ಯಾಮ್ ಬೋರ್ಡಿಗೇ ಬೆಸೆದಿದ್ದರೆ ಹೆಚ್ಚಿಸುವ ದಾರಿಯೂ ಇಲ್ಲ.

ನಾನು ಕಾಸರಗೋಡಿನಲ್ಲಿ ಕೊಂಡ ಹಳೆಯದು ಕೆಂಪುಕಲ್ಲಿನಷ್ಟು ಭಾರ. ಬೆನ್ನಿನ ಸ್ಕ್ರೂ ಬಿಚ್ಚಿ, ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಸಂಗ್ರಹವಾದ ಎಸ್‌ಎಸ್‌ಡಿ ಕೂರಿಸಿದೆ. ಮೊದಲು ಚಹಾ ಕುಡಿದು ಮುಗಿಸುವವರೆಗೂ ಏಳುತ್ತಿರಲಿಲ್ಲ. ಈಗ ಲೋಟ ಎತ್ತುವಷ್ಟರಲ್ಲಿ ಸಿದ್ಧ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಅದರ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡೆ. ಕೇರಳದ ಶಾಲೆಯಲ್ಲಿ ಅದನ್ನೇ ಕಲಿತವರಿಗೆ ಅದೇನು ಹೊಸದೇ? ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಅದರಲ್ಲೇ ಇದೆ.

ಬ್ಯಾಟರಿ ಮಾತ್ರ ಸೋತಿದೆ: ಮಳೆಗಾಲದಲ್ಲಿ ಕರೆಂಟ್ ಹೋದರೆ ನಲವತ್ತೇ ನಿಮಿಷ. ದಿನವೂ ಮಂಗಳೂರಿಗೆ ಹೋಗಿಬರುವೆಯಾದರೆ ಹೊಸದನ್ನೇ ಕೊಳ್ಳು, ಆದರೆ ರ್‍ಯಾಮ್ 8 ಜಿಬಿಗಿಂತ ಕಡಿಮೆಯದು ಬೇಡ.