ಸ್ಟಾರ್ಟರ್ ಇಲ್ಲದೆ ಓಎಸ್ 46 ಎಎಕ್ಸ್: ಕೈಗೆ ಎಷ್ಟು ಒಗ್ಗುತ್ತದೆ?

ಓಎಸ್ ಮ್ಯಾಕ್ಸ್ 46 ಎಎಕ್ಸ್‌ನ ಎರಡನೇ ಆವೃತ್ತಿ ಮಾದರಿ ವಿಮಾನಗಳಿಗೆ ಕೂರಿಸುವ 7.45 ಸಿಸಿಯ ಟೂ-ಸ್ಟ್ರೋಕ್ ಗ್ಲೋ ಎಂಜಿನ್, ಅಂದರೆ ಕಿಡಿಯ ಬದಲು ಗ್ಲೋ ಪ್ಲಗ್ಗಿನ ಕಾದ ತಂತಿ ಇಂಧನ ಹೊತ್ತಿಸುತ್ತದೆ. ಬೋರ್ 22 ಮಿಮೀ, ಸ್ಟ್ರೋಕ್ 19.6 ಮಿಮೀ. ಮಫ್ಲರ್ ಸೇರಿದರೆ ತೂಕ ಅರ್ಧ ಕಿಲೋ ಹತ್ತಿರ. 1936ರಲ್ಲಿ ಒಸಾಕಾದಲ್ಲಿ ಶುರುವಾದ ಕಂಪನಿಯ ಮಾಲು, ಹಾಗಾಗಿ ಎರಕ, ಬೇರಿಂಗ್, ಕಾರ್ಬ್ (ಕಾರ್ಬ್ಯುರೇಟರ್) ಎಲ್ಲದರ ಕೆಲಸವೂ ಅಚ್ಚುಕಟ್ಟು. ಇದರ ಶಕ್ತಿ, ಮೈಲೇಜ್ ಬಗ್ಗೆ ಬೇಕಾದಷ್ಟು ಜನ ಹೇಳಿದ್ದಾರೆ. ಇಲ್ಲಿ ನೋಡುವುದು ಒಂದನ್ನೇ: 12 ವೋಲ್ಟ್ ಬ್ಯಾಟರಿ, ಸ್ಟಾರ್ಟರ್ ಮೋಟಾರು ಎರಡನ್ನೂ ಮನೆಯಲ್ಲಿ ಬಿಟ್ಟು, ಪ್ರಾಪ್ (ಪ್ರೊಪೆಲ್ಲರ್) ಬೀಸಲು ಒಂದು ಕೋಲು ಮತ್ತು ಪ್ಲಗ್ ಕಾಯಿಸಲು ಒಂದು ಗ್ಲೋ ಕ್ಲಿಪ್ ಹಿಡಿದು ಮೈದಾನಕ್ಕೆ ಹೋದರೆ ಇದು ಮಾತು ಕೇಳುತ್ತದೆಯೇ?

ಕೇಳುತ್ತದೆ. ಪಳಗಿದ ಮೇಲೆ ಎರಡು ಮೂರು ಏಟಿಗೆ ಹಿಡಿದುಕೊಳ್ಳುತ್ತದೆ, ಬಿಸಿಯಿದ್ದಾಗ ಒಂದೇ ಏಟು ಸಾಕು. ಹೊಸದರಲ್ಲಿ ಮಾತ್ರ ಹಟಮಾರಿ. ಆ ಹಟ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಈ ಎಂಜಿನ್ನಿನ ಪಿಸ್ಟನ್‌ಗೆ ರಿಂಗ್ ಇಲ್ಲ. ಸಿಲಿಂಡರ್ ಲೈನರ್ ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ, ಪಿಸ್ಟನ್ ತುದಿ ತಲುಪುವಾಗ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಓಡಿ ಬಿಸಿಯಾದಾಗ ಲೈನರ್ ಪಿಸ್ಟನ್‌ಗಿಂತ ಹೆಚ್ಚು ಹಿಗ್ಗುವುದರಿಂದ ಅಳತೆ ಸರಿಹೋಗುತ್ತದೆ. ತಣ್ಣಗಿದ್ದಾಗ ಹೊಸ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ಮೇಲ್ತುದಿಯಲ್ಲಿ ಕಿರ್ ಎನ್ನುತ್ತದೆ, ಕೆಲವೊಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದೋಷ ಅಂದುಕೊಳ್ಳಬೇಡಿ, ಇದರ ರಚನೆಯೇ ಹೀಗೆ. ಎಣ್ಣೆಯಿಲ್ಲದೆ ಒಣಗಿದಂತೆ ತಿರುಗಿಸುತ್ತಾ ಆಟವಾಡುವುದು ಮಾತ್ರ ತಪ್ಪು. ಮೊದಲ ಎರಡು ಮೂರು ಟ್ಯಾಂಕ್ ಮುಗಿಯುವವರೆಗೆ, ಸ್ಟಾರ್ಟ್ ಮಾಡುವ ಮುಂಚೆ ಹೆಡ್ಡಿಗೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಎರಡು ನಿಮಿಷ ಬಿಸಿಗಾಳಿ ಹಿಡಿಯಿರಿ. ಮುಟ್ಟಿದರೆ ಕೈ ಹಿಂದಕ್ಕೆ ಎಳೆಯುವಷ್ಟು ಬಿಸಿಯಾದರೆ ಕಚ್ಚು ಸಡಿಲವಾಗಿ ಪ್ರಾಪ್ ಸಲೀಸಾಗಿ ತಿರುಗುತ್ತದೆ. ಈ ಒಂದು ಹೆಜ್ಜೆ ಬಿಟ್ಟವರೇ 'ಇದು ಕೈಗೆ ಬಗ್ಗಲ್ಲ' ಎಂದು ಸ್ಟಾರ್ಟರ್ ಕೊಳ್ಳಲು ಹೋಗುವುದು.

ಇಂಧನದ ವಿಷಯ. ಅತಿ ಸರಳ ಮಿಶ್ರಣ 80:20, ಅಂದರೆ ಒಂದು ಲೀಟರಿಗೆ 800 ಎಂಎಲ್ ಮೆಥನಾಲ್, 200 ಎಂಎಲ್ ಶುದ್ಧ ಹರಳೆಣ್ಣೆ. ಹರಳೆಣ್ಣೆ ಮೆಥನಾಲಿನಲ್ಲಿ ಪೂರ್ತಿ ಕರಗುತ್ತದೆ, ಬೈಕಿಗೆ ಹಾಕುವ ಖನಿಜ ಎಣ್ಣೆ ಕರಗುವುದಿಲ್ಲ, ಹಾಗಾಗಿ ಆ ಪ್ರಯೋಗ ಬೇಡ. ನೈಟ್ರೋಮೀಥೇನ್ ಸಿಕ್ಕರೆ ಮೆಥನಾಲನ್ನು 750ಕ್ಕೆ ಇಳಿಸಿ 50 ಎಂಎಲ್ ಸೇರಿಸಿ. ಶೇಕಡಾ 5ರಷ್ಟು ನೈಟ್ರೋ ಇದ್ದರೂ ಕೈಯಲ್ಲಿ ಸ್ಟಾರ್ಟ್ ಮಾಡುವುದು ಎದ್ದು ಕಾಣುವಷ್ಟು ಸುಲಭ, ಐಡ್ಲ್ (ಥ್ರಾಟಲ್ ಇಳಿಸಿದಾಗಿನ ನಿಧಾನ ಓಟ) ಕೂಡ ಸ್ಥಿರವಾಗಿರುತ್ತದೆ. ನೈಟ್ರೋ ಇಲ್ಲದೆಯೂ 46 ಎಎಕ್ಸ್ ಓಡುತ್ತದೆ, ಐಡ್ಲ್ ಸ್ವಲ್ಪ ಮೇಲಿಟ್ಟುಕೊಳ್ಳಬೇಕು, ಇಂಧನದ ಹರಿವು ಹೊಂದಿಸುವ ನೀಡಲ್ ಸ್ವಲ್ಪ ಒಳಕ್ಕೆ ಹೋಗಬೇಕು ಅಷ್ಟೆ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಮೆಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. 'ಹೋದ ವಾರ ಚೆನ್ನಾಗಿತ್ತು, ಈ ವಾರ ಹಿಡೀತಾನೇ ಇಲ್ಲ' ಎನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಮೂಲ ಇದೇ. ಇನ್ನೊಂದು ಮಾತು: ಮೆಥನಾಲ್ ವಿಷ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ.

ಪ್ರಾಪ್ 11x6 (ವ್ಯಾಸ 11 ಇಂಚು, ಪಿಚ್ 6 ಇಂಚು), ಗಾಜಿನ ನಾರು ಬೆರೆಸಿದ ನೈಲಾನಿನದು. ಮರದ ಪ್ರಾಪ್ ಹಗುರ, ಫ್ಲೈವೀಲ್‌ನಂತೆ ಎಂಜಿನ್ನನ್ನು ಮುಂದಕ್ಕೆ ಒಯ್ಯುವ ತೂಕ ಅದಕ್ಕಿಲ್ಲ, ಕೈಯಲ್ಲಿ ಸ್ಟಾರ್ಟ್ ಮಾಡುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇದೇ ಕಾರಣಕ್ಕೆ 15ರ ಅಳತೆಯ (0.15 ಘನ ಇಂಚಿನ) ಪುಟ್ಟ ಎಂಜಿನ್ನುಗಳು 46ಕ್ಕಿಂತ ಹೆಚ್ಚು ಗೋಳು ಹೊಯ್ದುಕೊಳ್ಳುತ್ತವೆ. ದೊಡ್ಡದು ಕಷ್ಟ, ಚಿಕ್ಕದು ಸುಲಭ ಎಂದುಕೊಂಡಿದ್ದರೆ ಲೆಕ್ಕ ತಿರುಗುಮುರುಗು. ನೈಲಾನ್ ಪ್ರಾಪ್ ಅಚ್ಚಿನಿಂದ ಬರುವಾಗ ಅಂಚು ಬ್ಲೇಡಿನಷ್ಟು ಹರಿತ. 400 ನಂಬರ್ ಸ್ಯಾಂಡ್ ಪೇಪರಿನಲ್ಲಿ ಎರಡೂ ಅಂಚನ್ನು ಸವರಿ ಮೊಂಡು ಮಾಡಿ, ಆಮೇಲೆ ಬ್ಯಾಲೆನ್ಸ್ ನೋಡಿ.

ಪ್ರಾಪ್ ಕೂರಿಸುವ ಕೋನ ಮುಖ್ಯ. ನಟ್ ಬಿಗಿಯುವ ಮುನ್ನ ಶಾಫ್ಟನ್ನು ತಿರುಗಿಸಿ ಕಂಪ್ರೆಷನ್ (ಪಿಸ್ಟನ್ ಮೇಲೇರುವಾಗಿನ ತಡೆ) ಕೈಗೆ ಸಿಗುವ ಜಾಗ ಹುಡುಕಿ. ಆ ಕ್ಷಣದಲ್ಲಿ, ಮುಂದೆ ನಿಂತು ನೋಡಿದಾಗ, ಒಂದು ಬ್ಲೇಡ್ ಗಡಿಯಾರದ ಎರಡು ಗಂಟೆಯ ಜಾಗದಲ್ಲಿರಬೇಕು. ಎಂಜಿನ್ ಮುಂದಿನಿಂದ ನೋಡಿದರೆ ಎಡಕ್ಕೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ, ಹಾಗಾಗಿ ಬಲಗೈ ಬಲದಿಂದ ಎಡಕ್ಕೆ ಬೀಸಿ ಹಾಗೇ ಪ್ರಾಪಿನ ದಾರಿಯಿಂದ ಹೊರಗೆ ಹೋಗುತ್ತದೆ. ಎಡಗೈಯವರು ಪ್ರಾಪನ್ನು ಹತ್ತು ಗಂಟೆಯತ್ತ ಇಟ್ಟು, ಬ್ಲೇಡನ್ನು ಕೆಳಕ್ಕೆ ಬಡಿಯುವುದು ವಾಸಿ.

ಬೆರಳಿನಲ್ಲಿ ತಿರುಗಿಸಬಹುದೇ? 46ರ ಅಳತೆಯಲ್ಲಿ ಬೇಡ. 11 ಇಂಚಿನ ಪ್ರಾಪ್ ನಿಮಿಷಕ್ಕೆ 10,000 ಸುತ್ತು ಹೊಡೆದಾಗ ಅದರ ತುದಿಯ ವೇಗ ಗಂಟೆಗೆ 500 ಕಿಮೀ ದಾಟುತ್ತದೆ. ಚಿಕನ್ ಸ್ಟಿಕ್ ಎಂದು ಕರೆಯುವ ಕೋಲು ಬಳಸಿ. ಪುಕ್ಕಲರ ಕೋಲು ಅಂತ ಅದರ ಅರ್ಥ, ಆದರೆ ಹತ್ತು ಬೆರಳೂ ಇರುವವರೆಲ್ಲ ಪುಕ್ಕಲರೇ ಆಗಿರಲಿ ಬಿಡಿ. ಅಂಗಡಿಯದೇ ಆಗಬೇಕಿಲ್ಲ: ತೆಳು ಲಟ್ಟಣಿಗೆಯಷ್ಟು, ಸುಮಾರು 20 ಮಿಮೀ ದಪ್ಪದ ಗಟ್ಟಿ ಮರದ ಕಡ್ಡಿ, 25ರಿಂದ 30 ಸೆಂಮೀ ಉದ್ದ, ಮುಂದಿನ ಅರ್ಧಕ್ಕೆ ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪು ತೊಡಿಸಿದರೆ ಆಯಿತು. ರಬ್ಬರ್ ಇಲ್ಲದ ಬರೀ ಕೋಲು ಪ್ರಾಪನ್ನು ಕಚ್ಚು ಮಾಡುತ್ತದೆ, ಕಚ್ಚು ಬಿದ್ದ ಪ್ರಾಪನ್ನು ಎಸೆಯಬೇಕು.

ಈಗ ಕ್ರಮ. ವಿಮಾನದ ಬಾಲವನ್ನು ಇನ್ನೊಬ್ಬರು ಹಿಡಿದಿರಲಿ, ಇಲ್ಲವೇ ಗೂಟಕ್ಕೆ ಕಟ್ಟಿರಲಿ. ಕಣ್ಣಿಗೆ ಕನ್ನಡಕ. ಕೊರಳಲ್ಲಿ ತೂಗಾಡುವ ಟ್ರಾನ್ಸ್‌ಮಿಟರ್ ಪಟ್ಟಿ, ದುಪಟ್ಟ, ಸಡಿಲ ತೋಳು ಯಾವುದೂ ಬೇಡ. ಮುಖ್ಯ ನೀಡಲನ್ನು ಪೂರ್ತಿ ಮುಚ್ಚಿ ಎರಡೂವರೆ ಸುತ್ತು ತೆರೆಯಿರಿ. ಗ್ಲೋ ಕ್ಲಿಪ್ ಇನ್ನೂ ಹಾಕಬೇಡಿ. ಥ್ರಾಟಲ್ ಪೂರ್ತಿ ತೆರೆದು, ಕಾರ್ಬಿನ ಬಾಯಿಗೆ ಎಡಗೈ ಬೆರಳು ಒತ್ತಿ, ಪ್ರಾಪನ್ನು ಎಡಕ್ಕೆ ನಿಧಾನ ತಿರುಗಿಸಿ. ಪಾರದರ್ಶಕ ಪೈಪಿನಲ್ಲಿ ಇಂಧನ ಏರುತ್ತಾ ಬರುವುದು ಕಾಣುತ್ತದೆ. ಅದು ಕಾರ್ಬ್ ಮುಟ್ಟಿದ ಮೇಲೆ ಎರಡು ಸುತ್ತು, ಹೆಚ್ಚೆಂದರೆ ಮೂರು. ಬೆರಳು ತೆಗೆದಾಗ ಒದ್ದೆಯಾಗಿರಬೇಕು. ಕೌಲ್ (ಎಂಜಿನ್ನಿನ ಹೊದಿಕೆ) ಹಾಕಿ ಕಾರ್ಬ್ ಬೆರಳಿಗೆ ಸಿಗದಿದ್ದರೆ, ಮಫ್ಲರಿನ ಬಾಯಿ ಮುಚ್ಚಿ ಪ್ರಾಪನ್ನು ತಿರುಗಿಸಿದರೆ ಪ್ರೆಷರ್ ಪೈಪಿನ ಮೂಲಕ ಟ್ಯಾಂಕಿಗೆ ಒತ್ತಡ ಹೋಗಿ ಇಂಧನ ತಾನೇ ಮೇಲೆ ಬರುತ್ತದೆ.

ಆಮೇಲೆ ಥ್ರಾಟಲನ್ನು ಐಡ್ಲ್‌ಗಿಂತ ಒಂದು ಚೂರು ಮೇಲೆ ತನ್ನಿ, ಕಾರ್ಬಿನ ಗಂಟಲಲ್ಲಿ 2-3 ಮಿಮೀ ಸಂದು ಕಂಡರೆ ಸಾಕು. ಕ್ಲಿಪ್ ಇಲ್ಲದೆಯೇ ಇನ್ನು ನಾಲ್ಕೈದು ಸುತ್ತು ತಿರುಗಿಸಿ, ಕಿವಿ ಹತ್ತಿರ ಹಿಡಿಯಿರಿ. ಒಳಗೆ ಪಚಪಚ ಎನ್ನುವ ತೇವದ ಸದ್ದು ಬಂದರೆ ಸರಿಯಾದ ಹದ. ಬರೀ ಫುಸ್ ಎಂದರೆ ಒಣಗಿದೆ, ಇನ್ನೊಂದು ಚೋಕ್, ಅಂದರೆ ಕಾರ್ಬಿನ ಬಾಯಿ ಮುಚ್ಚಿ ಮತ್ತೊಂದು ಸುತ್ತು. ಮೇಲ್ತುದಿಗೆ ಮುಂಚೆಯೇ ಪ್ರಾಪ್ ಗೋಡೆಗೆ ತಗುಲಿದಂತೆ ನಿಂತರೆ ಸಿಲಿಂಡರಿನಲ್ಲಿ ದ್ರವ ತುಂಬಿದೆ, ಬಲ ಹಾಕಬೇಡಿ. ಮೆಥನಾಲ್ ಕುಗ್ಗುವುದಿಲ್ಲ, ಬಗ್ಗುವುದು ಕನೆಕ್ಟಿಂಗ್ ರಾಡ್. ಪ್ಲಗ್ ಬಿಚ್ಚಿ, ಹೆಡ್ಡಿನ ಮೇಲೆ ಬಟ್ಟೆ ಹಿಡಿದು ಹತ್ತು ಸುತ್ತು ಹೊಡೆದರೆ ಎಲ್ಲ ಹೊರಬರುತ್ತದೆ. ಕೈಯಲ್ಲಿ ಸ್ಟಾರ್ಟ್ ಮಾಡುವುದರ ನಿಜವಾದ ಲಾಭ ಇರುವುದು ಇಲ್ಲೇ: ಈ ತಡೆ ಕೈಗೆ ತಿಳಿಯುತ್ತದೆ, ಎಲೆಕ್ಟ್ರಿಕ್ ಸ್ಟಾರ್ಟರ್ ಅದನ್ನು ಮೀರಿ ತಿರುಗಿಸಿಬಿಡುತ್ತದೆ.

ಈಗ ಕ್ಲಿಪ್ ಹಾಕಿ. ಓಎಸ್‌ನ 8ನೇ ನಂಬರಿನ ಪ್ಲಗ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ತಂತಿ ಕಡು ಕೆಂಪಾದರೆ ಸಾಲದು, ಹೊಳೆಯುವ ಕಿತ್ತಳೆ ಬಣ್ಣಕ್ಕೆ ಬರಬೇಕು. ಅದಕ್ಕೆ 1.2ರಿಂದ 1.5 ವೋಲ್ಟಿನಲ್ಲಿ ಸುಮಾರು 3 ಆಂಪ್ ಬೇಕು, ಒಂದು ಸಬ್-ಸಿ ನಿಕಲ್ ಸೆಲ್ ಕೊಡುತ್ತದೆ, ಪೆನ್ ಸೆಲ್ ಕೊಡುವುದಿಲ್ಲ. 3.7 ವೋಲ್ಟಿನ ಲಿಥಿಯಂ ಸೆಲ್ಲನ್ನು ನೇರ ಕೊಟ್ಟರೆ ತಂತಿ ಒಂದು ಕ್ಷಣಕ್ಕೆ ಸುಟ್ಟುಹೋಗುತ್ತದೆ. ಕೋಲನ್ನು ಹಬ್‌ನಿಂದ ಎರಡು ಮೂರು ಇಂಚು ಆಚೆ ಬ್ಲೇಡಿಗೆ ತಾಗಿಸಿ ಚುರುಕಾಗಿ ಬೀಸಿ. ಬಲಕ್ಕಿಂತ ಚುರುಕು ಮುಖ್ಯ, ಕೋಲು ಅಲ್ಲೇ ನಿಲ್ಲದೆ ಆಚೆ ಹೋಗಬೇಕು.

ಇದು ಎರಡು ಮೂರು ಸಲ ಫಲಿಸದಿದ್ದರೆ ಹಿಮ್ಮುಖ ಏಟು ಪ್ರಯತ್ನಿಸಿ. ಪ್ರಾಪನ್ನು ಕಂಪ್ರೆಷನ್ ತನಕ ತಂದು ಬಿಟ್ಟು, ಕೋಲಿನಲ್ಲಿ ಬಲಕ್ಕೆ, ಅಂದರೆ ಉಲ್ಟಾ ದಿಕ್ಕಿಗೆ ಒಂದು ಸಣ್ಣ ಚುರುಕು ಏಟು. ಪಿಸ್ಟನ್ ಇನ್ನೊಂದು ಕಡೆಯಿಂದ ಮೇಲೇರುತ್ತಿರುವಾಗ, ತುದಿ ಮುಟ್ಟುವ ಮುಂಚೆಯೇ ಮಿಶ್ರಣ ಹತ್ತಿಕೊಂಡು ಪಿಸ್ಟನ್ನನ್ನು ಬಂದ ದಾರಿಗೇ ಒದೆಯುತ್ತದೆ, ಪ್ರಾಪ್ ಸರಿಯಾದ ದಿಕ್ಕಿಗೆ ಚಿಮ್ಮುತ್ತದೆ. 46 ಎಎಕ್ಸ್ ಈ ಉಪಾಯಕ್ಕೆ ಚೆನ್ನಾಗಿ ಒಗ್ಗುತ್ತದೆ, ಒಳಗೆ ತೇವ ಸಾಕಷ್ಟಿರಬೇಕು ಅಷ್ಟೆ.

ಅಪರೂಪಕ್ಕೆ ಎಂಜಿನ್ ಉಲ್ಟಾ ದಿಕ್ಕಿಗೇ ಓಡತೊಡಗುತ್ತದೆ. ಗಾಳಿ ಮುಂದಕ್ಕೆ ಬೀಸುತ್ತದೆ, ಸದ್ದು ಒರಟಾಗಿರುತ್ತದೆ, ಪ್ರಾಪ್ ನಟ್ ಸಡಿಲವಾಗುವ ಅಪಾಯವೂ ಇದೆ. ಥ್ರಾಟಲ್ ಪೂರ್ತಿ ಮುಚ್ಚಿ ಅಥವಾ ಇಂಧನ ಪೈಪು ಹಿಸುಕಿ ನಿಲ್ಲಿಸಿ, ನಟ್ ಮತ್ತೆ ಬಿಗಿದು ಮೊದಲಿಂದ ಶುರುಮಾಡಿ.

ಹಿಡಿಯದಿದ್ದಾಗ ಹುಡುಕುವ ಕ್ರಮ: ಟಪ್ ಎಂದು ಒಂದು ಸಲ ಹಾರಿ ಸುಮ್ಮನಾದರೆ ಪ್ಲಗ್ ಕಾದಿದೆ, ಇಂಧನ ಕಡಿಮೆ. ಸದ್ದೇ ಇಲ್ಲದಿದ್ದರೆ ಪ್ಲಗ್ ಬಿಚ್ಚಿ ಕ್ಲಿಪ್ಪಿಗೆ ಹಾಕಿ ನೋಡಿ. ಪ್ಲಗ್ ಹೊರಗೆ ಚೆನ್ನಾಗಿ ಹೊಳೆದು ಒಳಗೆ ಸತ್ತಂತಿದ್ದರೆ ಅದು ಇಂಧನದಲ್ಲಿ ಮುಳುಗಿ ತಣ್ಣಗಾಗುತ್ತಿದೆ, ಅಂದರೆ ಫ್ಲಡ್. ಎಂಜಿನ್ ತಲೆಕೆಳಗಾಗಿ ಕೂರಿಸಿದ ವಿಮಾನದಲ್ಲಿ ಇದು ದಿನನಿತ್ಯದ ಗೋಳು, ವಿಮಾನವನ್ನು ಮಗುಚಿ ಸ್ಟಾರ್ಟ್ ಮಾಡುವುದು ಸುಲಭ. ಪ್ರತಿ ಸಲ ಇಂಧನ ತುಂಬಿದ ಕೂಡಲೇ ಫ್ಲಡ್ ಆಗುತ್ತಿದ್ದರೆ ಟ್ಯಾಂಕ್ ಎತ್ತರ ನೋಡಿ: ಟ್ಯಾಂಕಿನ ನಡುಗೆರೆ ಕಾರ್ಬಿನ ಮಟ್ಟಕ್ಕೆ ಸಮನಾಗಿ ಅಥವಾ ಒಂದು ಸೆಂಮೀ ಕೆಳಗೆ ಇರಬೇಕು. ಹಿಡಿದು, ಕ್ಲಿಪ್ ತೆಗೆದ ತಕ್ಷಣ ಸತ್ತರೆ ಪ್ಲಗ್ ಮುದಿಯಾಗಿದೆ. ಬ್ಯಾಟರಿ ತೆಗೆದ ಮೇಲೂ ತಂತಿ ಹೊಳೆಯುವುದಕ್ಕೆ, ದಹನದ ಬಿಸಿಯ ಜೊತೆಗೆ, ಅದರ ಪ್ಲಾಟಿನಂಗೂ ಮೆಥನಾಲ್ ಆವಿಗೂ ನಡೆಯುವ ಕ್ರಿಯೆ ಕಾರಣ, ಮೇಲ್ಮೈ ಬೂದುಗಟ್ಟಿದರೆ ಆ ಕ್ರಿಯೆ ಮಂಕಾಗುತ್ತದೆ.

ಹಿಡಿದ ಮೇಲೆ ಪ್ರಾಪಿನ ಹಿಂದಕ್ಕೆ ಬನ್ನಿ, ಕ್ಲಿಪ್ ತೆಗೆಯುವುದೂ ನೀಡಲ್ ತಿರುಗಿಸುವುದೂ ಹಿಂದಿನಿಂದಲೇ. ಈ ಕಾರ್ಬಿನ ನೀಡಲ್ ಹಿಂದಕ್ಕೆ ವಾಲಿರುವುದು ಇಲ್ಲಿ ನೆರವಿಗೆ ಬರುತ್ತದೆ, ಬೆರಳು ಪ್ರಾಪಿನಿಂದ ದೂರ ಉಳಿಯುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಇಂಧನ ಪೈಪನ್ನು ಒಂದು ಕ್ಷಣ ಹಿಸುಕಿ ಬಿಡಿ: ಸುತ್ತು ಸ್ವಲ್ಪ ಏರಿ ಮರಳಿದರೆ ಹದ ಸರಿ, ಏರದೆ ಕುಸಿದರೆ ಲೀನ್ (ಇಂಧನ ಕಡಿಮೆ), ತಕ್ಷಣ ನೀಡಲ್ ತೆರೆಯಿರಿ. ಮಂಗಳೂರಿನ ಕಡಲ ಮಟ್ಟದಲ್ಲಿ ಕೂರಿಸಿದ ನೀಡಲನ್ನು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಗಾಳಿ ತೆಳುವಾಗಿ ಮಿಶ್ರಣ ರಿಚ್ (ಇಂಧನ ಹೆಚ್ಚು) ಆಗುತ್ತದೆ, ಕೆಲವು ಕ್ಲಿಕ್ ಒಳಕ್ಕೆ ಬೇಕು. ಐಡ್ಲ್‌ನಿಂದ ಥ್ರಾಟಲ್ ಏರಿಸಿದಾಗ ಹೊಗೆ ಕಾರಿ ತಡವರಿಸಿದರೆ ಐಡ್ಲ್‌ನ ಮಿಶ್ರಣ ಹೊಂದಿಸುವ ಲೋ-ಸ್ಪೀಡ್ ಸ್ಕ್ರೂ ರಿಚ್, ಥಟ್ಟನೆ ಸತ್ತರೆ ಲೀನ್. ಒಂದು ಸಲಕ್ಕೆ ಒಂದು ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸಬೇಡಿ.

ದೂರುಗಳೂ ಇವೆ. ಲೋ-ಸ್ಪೀಡ್ ಸ್ಕ್ರೂ ಥ್ರಾಟಲ್ ಆರ್ಮಿನ ನಡುವೆ ಒಳಕ್ಕೆ ಕುಳಿತಿದೆ, ತೆಳು ಸ್ಕ್ರೂಡ್ರೈವರ್ ಇಲ್ಲದೆ ಕೆಲಸ ಆಗದು. ಮಫ್ಲರಿನ ತುಂಡುಗಳನ್ನು ಹಿಡಿದಿರುವ ಉದ್ದನೆಯ ಬೋಲ್ಟ್ ನಡುಕಕ್ಕೆ ಸಡಿಲವಾಗುತ್ತದೆ, ಆಗ ಟ್ಯಾಂಕಿನ ಒತ್ತಡ ಕುಸಿದು ಎಂಜಿನ್ ಹಾರಾಟದ ನಡುವೆ ಲೀನ್ ಆಗುತ್ತದೆ. ಕಾರ್ಬಿನ ಬುಡದ ಓ-ರಿಂಗ್ ಹಳತಾದರೆ ಅಲ್ಲಿ ಗಾಳಿ ನುಸುಳಿ, ಕೈಯಲ್ಲಿ ಚೋಕ್ ಮಾಡಿದರೂ ಇಂಧನ ಏರುವುದಿಲ್ಲ. ಈ ಮೂರನ್ನು ಪ್ರತಿ ಭಾನುವಾರ ಒಮ್ಮೆ ನೋಡಿಕೊಂಡರೆ ಸಾಕು.

ಶಾಲಾ ತಂಡಕ್ಕೋ, ಏರೋಮಾಡೆಲಿಂಗ್ ಕಲಿಯುವ ಎನ್‌ಸಿಸಿ ಏರ್ ವಿಂಗ್ ಕೆಡೆಟ್‌ಗಳಿಗೋ ಒಂದೇ ಎಂಜಿನ್ ಕೊಳ್ಳಬೇಕಿದ್ದರೆ ಇದನ್ನು ಕೊಳ್ಳಬಹುದು, ಸ್ಟಾರ್ಟರಿನ ದುಡ್ಡನ್ನು ನಾಲ್ಕು ಪ್ಲಗ್, ಮೂರು ಪ್ರಾಪ್‌ಗೆ ಹಾಕಿ. ದಿನದ ಕೊನೆಯಲ್ಲಿ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಓಡುತ್ತಿರುವಾಗ ಇಂಧನ ಪೈಪು ಹಿಸುಕಿ ಒಳಗಿದ್ದದ್ದು ಉರಿದುಹೋಗಲು ಬಿಡಿ. ಕಾರ್ಬಿಗೂ ಪ್ಲಗ್ ತೂತಿಗೂ ನಾಲ್ಕು ನಾಲ್ಕು ಹನಿ ತೆಳು ಎಣ್ಣೆ ಹಾಕಿ ಪ್ರಾಪನ್ನು ಹತ್ತು ಸುತ್ತು ತಿರುಗಿಸಿ. ಉಳಿದ ಮೆಥನಾಲಿನ ತೇವ ಮೊದಲು ತಿನ್ನುವುದು ಹಿಂದಿನ ಬೇರಿಂಗನ್ನು.